ಮಿಕ್ಸ್ ಮುಗಿದಿದೆ, ವಿನೈಲ್ ಪ್ಲೇಟಿಗೆ ಕಳಿಸುವ ಮುಂಚೆ ಏನೇನು ಸರಿ ಮಾಡಬೇಕು?

ಪ್ರಶ್ನೆ: ನಾವು ಮೈಸೂರಿನ ಐದು ಜನರ ಬ್ಯಾಂಡ್. ಡೊಳ್ಳು, ವೀಣೆ, ಬೇಸ್ ಗಿಟಾರ್, ಕೀಬೋರ್ಡ್, ಹಾಡುಗಾರಿಕೆ. ಎಂಟು ಹಾಡುಗಳ ಆಲ್ಬಂ ಮಾಡಿದ್ದೇವೆ, ಒಟ್ಟು 46 ನಿಮಿಷ. ಸ್ಟ್ರೀಮಿಂಗ್‌ಗೆ ಮಾಸ್ಟರಿಂಗ್ (ಮಿಕ್ಸ್ ಮೇಲಿನ ಕೊನೆಯ ಹದ) ಆಗಿದೆ, ಸದ್ದು ಒಳ್ಳೆ ಜೋರಾಗಿದೆ. ಈಗ 300 ವಿನೈಲ್ ರೆಕಾರ್ಡ್ ಒತ್ತಿಸುವ ಆಸೆ. ಅದೇ ಫೈಲ್ ಕಳಿಸಿದರೆ ಸಾಕಾ? ಬೇಸ್ ಎಲ್ಲ ಮೋನೋ ಮಾಡಿಬಿಡಿ ಅಂತ ಒಬ್ಬರು ಹೇಳುತ್ತಾರೆ. ಏನೂ ಮುಟ್ಟಬೇಡಿ, ಕಟ್ ಮಾಡುವವರೇ ನೋಡಿಕೊಳ್ಳುತ್ತಾರೆ ಅಂತ ಇನ್ನೊಬ್ಬರು. ಯಾರ ಮಾತು ಕೇಳೋಣ?

ಉತ್ತರ: ಇಬ್ಬರೂ ಅರ್ಧರ್ಧ ಸರಿ. ಅದೇ ಫೈಲ್ ಕಳಿಸಬೇಡಿ. ಹಾಗಂತ ಮುಗಿದ ಮಾಸ್ಟರ್ ತೆಗೆದುಕೊಂಡು ಬೇಸ್ ಎಲ್ಲ ಮೋನೋ ಮಾಡುವುದೂ, ಅಂದರೆ ಎಡ ಬಲ ಎರಡರಲ್ಲೂ ಒಂದೇ ಸದ್ದು ಬರುವ ಹಾಗೆ ಮಾಡುವುದೂ ಬೇಡ.

ನಾನು ಯಾರೇ ಕೇಳಿದರೂ ಹೇಳುವ ಲೆಕ್ಕ ಒಂದೇ. ಲ್ಯಾಕರ್ ಕಟ್ ಮಾಡುವವರ, ಅಂದರೆ ಅಚ್ಚಿಗೆ ಬೇಕಾದ ಮೊದಲ ಪ್ಲೇಟು ಕೊರೆಯುವವರ, ಕೈಗೆ ಸಿಗುವುದು ಎರಡೇ ಚಾನಲ್, ಎಡ ಮತ್ತು ಬಲ. ಅದು ಕಲಸಿಟ್ಟ ಹಿಟ್ಟು. ಉಪ್ಪು ಜಾಸ್ತಿಯಾಗಿದೆ ಅಂತ ಅವರಿಗೆ ಗೊತ್ತಾಗುತ್ತದೆ, ಆದರೆ ಉಪ್ಪನ್ನು ಮಾತ್ರ ಹೊರಗೆ ತೆಗೆಯಲು ಆಗುವುದಿಲ್ಲ. ನಿಮ್ಮ ಹತ್ತಿರ ಇನ್ನೂ ಬೇರೆ ಬೇರೆ ಟ್ರ್ಯಾಕ್ ಇವೆ. ಕಲಸುವ ಮುಂಚೆ ಮಾತ್ರ ಸರಿಯಾಗುವುದನ್ನು ನೀವು ಸರಿ ಮಾಡಿ. ಕಲಸಿದ ಮೇಲೂ ಆಗುವುದನ್ನು ಅವರಿಗೆ ಬಿಡಿ.

ನೀವು ಕಳಿಸಿದ್ದ ಹಾಡುಗಳನ್ನು ಕೇಳಿದೆ. ಮೂರನೆಯ ಹಾಡಿನ ಡೊಳ್ಳು ಕೇಳಿ ಖುಷಿಯೂ ಆಯಿತು, ಸ್ವಲ್ಪ ಭಯವೂ ಆಯಿತು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಜಾಗದ ಲೆಕ್ಕ ನೋಡೋಣ, ಯಾಕೆಂದರೆ ಮಿಕ್ಕಿದ್ದೆಲ್ಲ ಅದರ ಮೇಲೇ ನಿಂತಿದೆ.

ಗ್ರೂವ್ ಅಂದರೆ ನೇಗಿಲ ಸಾಲು ಅಂದುಕೊಳ್ಳಿ. 12 ಇಂಚಿನ ಪ್ಲೇಟಿನ ಒಂದು ಬದಿಯಲ್ಲಿ ಇರುವುದು ಒಂದೇ ಸಾಲು. ಹೊರಗಿನ ಅಂಚಿನಲ್ಲಿ ಶುರುವಾಗಿ ಸುರುಳಿ ಸುತ್ತುತ್ತಾ ಒಳಗೆ ಬರುತ್ತದೆ. ಹಾಡಿಗೆ ಸಿಗುವ ಜಾಗ ಅಂಚಿನಿಂದ ಒಳಕ್ಕೆ ಸುಮಾರು 86 ಮಿಲಿಮೀಟರ್, ನಾಲ್ಕು ಬೆರಳಿನ ಅಗಲಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಪ್ಲೇಟು ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. 22 ನಿಮಿಷದ ಬದಿಗೆ 733 ಸುತ್ತು ಬೇಕು. ಭಾಗಿಸಿ ನೋಡಿ, ಒಂದು ಸುತ್ತಿಗೆ ಸಿಗುವುದು 0.117 ಮಿಲಿಮೀಟರ್. ಸಾಲಿನ ಅಗಲವೇ ಸುಮಾರು 50–60 ಮೈಕ್ರಾನ್, ಹೆಚ್ಚುಕಮ್ಮಿ ಒಂದು ತಲೆಕೂದಲಿನಷ್ಟು. ಉಳಿದ ಅಷ್ಟು ಸಣ್ಣ ಬದುವಿನಲ್ಲೇ ಎಲ್ಲ ಕುಣಿತ ನಡೆಯಬೇಕು. ಆ ಸುರುಳಿಯನ್ನು ಬಿಚ್ಚಿ ನೇರ ಹಾಸಿದರೆ ಅರ್ಧ ಕಿಲೋಮೀಟರ್‌ಗೆ ಸ್ವಲ್ಪ ಕಮ್ಮಿ, ಸುಮಾರು 470 ಮೀಟರ್ ಉದ್ದ ಇರುತ್ತದೆ.

ಉಳುವಾಗ ಎತ್ತು ಅತ್ತಿತ್ತ ಎಳೆದರೆ ನೇಗಿಲು ಪಕ್ಕದ ಸಾಲಿಗೆ ನುಗ್ಗುತ್ತದೆ ಅಲ್ವಾ? ಇಲ್ಲೂ ಹಾಗೆಯೇ. ಬೇಸ್ ಬಂದಾಗ ಸಾಲು ಅಗಲವಾಗಿ ತೂಗಾಡುತ್ತದೆ. ಸದ್ದು ಜೋರಾದಷ್ಟೂ ತೂಗಾಟ ಜಾಸ್ತಿ. ಒಳ್ಳೆಯ ಲೇತ್‌ಗಳು, ಅಂದರೆ ಸಾಲು ಕೊರೆಯುವ ಮಿಷನ್‌ಗಳು, ಇದನ್ನು ಮುಂಚೆಯೇ ಕೇಳಿಸಿಕೊಂಡು ಜಾಗ ಬಿಡುತ್ತವೆ. ನಾಯ್ಮನ್ ಕಂಪನಿಯ ವಿಎಂಎಸ್ 70 ಥರದ ಲೇತ್‌ಗಳ ಜೊತೆ ಟೇಪ್ ಮಿಷನ್‌ನಲ್ಲಿ ಎರಡು ಹೆಡ್ ಇರುತ್ತಿದ್ದವು. ಒಂದು ಮುಂದೆ ಬರುವ ಸದ್ದನ್ನು ಮೊದಲೇ ಓದಿ ಲೇತ್‌ಗೆ ಹೇಳುತ್ತಿತ್ತು, ಇನ್ನೊಂದು ಆ ಸದ್ದನ್ನು ಕೊರೆಯಲು ಕಳಿಸುತ್ತಿತ್ತು. ಮೆಲ್ಲಗಿನ ಜಾಗದಲ್ಲಿ ಸಾಲುಗಳು ಹತ್ತಿರ ಹತ್ತಿರ, ಜೋರು ಬಂದ ಕಡೆ ದೂರ ದೂರ. ಹಳೆಯ ಎಲ್‌ಪಿ ಇದ್ದರೆ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಬಣ್ಣ ಬದಲಾಗುವ ಪಟ್ಟೆಗಳು ಕಾಣುತ್ತವೆ. ಹಾಡು ಎಲ್ಲಿ ಏರಿದೆ, ಎಲ್ಲಿ ಇಳಿದಿದೆ ಅಂತ ಕಣ್ಣಲ್ಲೇ ಓದಬಹುದು.

ಹಾಗಾಗಿ ನಿಮಿಷ, ಜೋರು, ಬೇಸ್, ಮೂರಕ್ಕೂ ಇರುವುದು ಒಂದೇ ಜೇಬು. ಒಂದಕ್ಕೆ ಜಾಸ್ತಿ ಖರ್ಚು ಮಾಡಿದರೆ ಇನ್ನೊಂದಕ್ಕೆ ಕಮ್ಮಿ. 12 ಇಂಚಿಗೆ ಬದಿಗೆ 18ರಿಂದ 22 ನಿಮಿಷ ಹಾಯಾಗಿ ಕೂರುತ್ತದೆ. 25 ನಿಮಿಷ ತುಂಬಿಸಲೂ ಬಹುದು, ಆದರೆ ಇಡೀ ಬದಿಯ ಲೆವೆಲ್ ಇಳಿಸಬೇಕಾಗುತ್ತದೆ. ಸದ್ದು ಇಳಿದರೂ ಪ್ಲೇಟಿನ ಸರಸರ ಇಳಿಯುವುದಿಲ್ಲ. ನಿಮ್ಮ ಮನೆಯಲ್ಲಿ ಹಳೆಯ ಸಿನಿಮಾ ಹಾಡಿನ 7 ಇಂಚಿನ ಇಪಿ ಇದ್ದರೆ ಹಾಕಿ ನೋಡಿ. ಬದಿಗೆ ಎರಡೆರಡು ಹಾಡು ತುರುಕಿರುತ್ತಾರೆ. ವಾಲ್ಯೂಮ್ ಎರಡು ಗೆರೆ ಜಾಸ್ತಿ ತಿರುಗಿಸಬೇಕು, ಜೊತೆಗೆ ಸರಸರವೂ ಮೇಲೆ ಬರುತ್ತದೆ.

ಜಾಗದ ಈ ಜಗಳ ಹಳೆಯದು. 1902ರಲ್ಲಿ ಗ್ರಾಮಫೋನ್ ಕಂಪನಿಯವರು ಕಲ್ಕತ್ತಕ್ಕೆ ಬಂದು ಗಾಯಕಿ ಗೌಹರ್ ಜಾನ್ ಅವರ ಹಾಡು ಹಿಡಿದಾಗ ಒಂದು ಪ್ಲೇಟಿಗೆ ಮೂರು ನಿಮಿಷದ ಆಸುಪಾಸು ಮಾತ್ರ ಸಿಗುತ್ತಿತ್ತು. ಗಂಟೆಗಟ್ಟಲೆ ಹಾಡುವ ರಾಗವನ್ನು ಅಷ್ಟರಲ್ಲೇ ಮುಗಿಸುವ ಜಾಣ್ಮೆ ಅವರಿಗೆ ಬೇಗ ಒಲಿಯಿತು. ಕೊನೆಯ ದಿನಗಳಲ್ಲಿ ಅವರು ಅರಮನೆಯ ಕಲಾವಿದೆಯಾಗಿ ನಿಮ್ಮೂರಿಗೇ ಬಂದಿದ್ದರು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಅವರಿಗೆ ಮೂರು ನಿಮಿಷ, ನಿಮಗೆ ಬದಿಗೆ 22. ದೂರುವಂತಿಲ್ಲ!

ಈಗ ನಿಮ್ಮ ಪಟ್ಟಿಗೆ ಬರೋಣ. ನೀವು ಬರೆದ ಕ್ರಮದಲ್ಲಿ ಮೊದಲ ನಾಲ್ಕು ಹಾಡು ಎ ಬದಿ, 21:30. ಕೊನೆಯ ನಾಲ್ಕು ಬಿ ಬದಿ, 24:30. ಬಿ ಬದಿ ಉದ್ದವಾಯಿತು. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಎಂಟನೆಯ ಹಾಡು ಇಡೀ ಆಲ್ಬಂನಲ್ಲೇ ಜೋರಾದದ್ದು. ಡೊಳ್ಳು, ತಾಳ, ಗೆಜ್ಜೆ, ಕೋರಸ್ ಎಲ್ಲ ಒಟ್ಟಿಗೆ ಬರುತ್ತವೆ. ಅದನ್ನು ತೆಗೆದುಕೊಂಡು ಹೋಗಿ ಪ್ಲೇಟಿನ ಅತ್ಯಂತ ಬಡ ಜಾಗದಲ್ಲಿ ಇಟ್ಟಿದ್ದೀರಿ.

ಬಡ ಜಾಗ ಯಾಕೆ ಅಂದರೆ, ಸುತ್ತಿಗೆ ತೆಗೆದುಕೊಳ್ಳುವ ಸಮಯ ಎಲ್ಲ ಕಡೆಯೂ ಒಂದೇ, 1.8 ಸೆಕೆಂಡ್. ಆದರೆ ಹೊರಗಿನ ಸುತ್ತು ದೊಡ್ಡದು, ಒಳಗಿನದು ಚಿಕ್ಕದು. ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಗ್ರೂವ್ ಹಾದುಹೋಗುತ್ತದೆ. ಒಳಗೆ ಬರುವ ಹೊತ್ತಿಗೆ 21 ಸೆಂಟಿಮೀಟರ್. ಅಷ್ಟೇ ಹಾಡನ್ನು ಅರ್ಧಕ್ಕಿಂತ ಕಮ್ಮಿ ಜಾಗದಲ್ಲಿ ಬರೆಯಬೇಕು. ಗೆಜ್ಜೆಯ ಝಣ್ ಅನ್ನುವ ಸದ್ದಿನಲ್ಲಿ 10 ಕಿಲೋಹರ್ಟ್ಸ್ ಧಾರಾಳವಾಗಿ ಇರುತ್ತದೆ. ಅದರ ಒಂದು ಅಲೆ ಹೊರಗೆ 51 ಮೈಕ್ರಾನ್ ಉದ್ದ, ಒಳಗೆ 21 ಮೈಕ್ರಾನ್. ಸಾಧಾರಣ ಪ್ಲೇಯರ್‌ನ ದುಂಡು ಮುಳ್ಳಿನ ತುದಿಯ ರೇಡಿಯಸ್ಸೇ 18 ಮೈಕ್ರಾನ್. ದಪ್ಪ ಬೆರಳಿನಿಂದ ಸಣ್ಣ ಅಕ್ಷರದ ಉಬ್ಬು ಮುಟ್ಟಿ ಓದಿದ ಹಾಗೆ. ತಿರುವಿನೊಳಗೆ ಮುಳ್ಳು ಪೂರ್ತಿ ಇಳಿಯುವುದೇ ಇಲ್ಲ. ಕೇಳುವವರಿಗೆ ಸಿಗುವುದು ಗೆಜ್ಜೆಯಲ್ಲ, ಗೊರಗೊರ.

ಇದು ನನಗೆ ಪುಸ್ತಕ ಓದಿ ಗೊತ್ತಾದದ್ದಲ್ಲ. ನಾನು ಮೊದಲ ಸಲ ಒಂದು ಆಲ್ಬಂ ಪ್ಲೇಟಿಗೆ ತಯಾರು ಮಾಡಿದಾಗ ಸಂಗೀತ ಕಛೇರಿಯ ಲೆಕ್ಕದಲ್ಲಿ ಯೋಚಿಸಿದೆ. ಜೋರಾಗಿ ಏರಿ ಮುಗಿಯಲಿ, ಜನ ಎದ್ದು ಚಪ್ಪಾಳೆ ತಟ್ಟಲಿ ಅಂತ. ಟೆಸ್ಟ್ ಪ್ರೆಸ್ಸಿಂಗ್, ಅಂದರೆ ಪರೀಕ್ಷೆಗೆ ಒತ್ತಿದ ಮೊದಲ ಪ್ರತಿ, ಬಂತು. ಬದಿಯ ಕೊನೆಯ ಮೂರು ನಿಮಿಷ ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಕೇಳಿಸಿತು. ಪ್ಲೇಯರ್ ಕೆಟ್ಟಿದೆ ಅಂದುಕೊಂಡು ಮೂರು ಮನೆ ಸುತ್ತಿ ಕೇಳಿದೆ. ಎಲ್ಲ ಕಡೆ ಸಾಸಿವೆಯೇ. ತಪ್ಪು ಕಟ್ ಮಾಡಿದವರದ್ದಲ್ಲ, ಪೂರ್ತಿ ನನ್ನದು. ಹಾಡಿನ ಕ್ರಮ ಬದಲಿಸಿ ಹೊಸ ಲ್ಯಾಕರ್ ಕಟ್ ಮಾಡಿಸಿದೆ, ದುಡ್ಡು ನನ್ನ ಜೇಬಿನಿಂದಲೇ ಹೋಯಿತು.

ನಿಮ್ಮದನ್ನು ನಾನಾದರೆ ಹೀಗೆ ಜೋಡಿಸುತ್ತಿದ್ದೆ. ಎ ಬದಿಗೆ 3, 1, 5, 4. ಬಿ ಬದಿಗೆ 8, 2, 7, 6. ಎರಡೂ ಜೋರು ಹಾಡು ಹೊರ ಅಂಚಿಗೆ ಬಂದವು. ಎ ಕೊನೆಗೆ ನಿಧಾನದ ನಾಲ್ಕನೆಯ ಹಾಡು, ಬಿ ಕೊನೆಗೆ ಬರೀ ವೀಣೆ ಮತ್ತು ದನಿಯ ಆರನೆಯ ಹಾಡು. ಎ 23:20 ಆಗುತ್ತದೆ, ಬಿ 22:40. ಐದನೆಯ ಹಾಡು 7:20 ಇದೆ ಅಲ್ವಾ? ಅದರ ಮೊದಲ ಒಂದೂಕಾಲು ನಿಮಿಷಕ್ಕಿಂತ ಜಾಸ್ತಿ ಬರೀ ಕೀಬೋರ್ಡ್‌ನ ಪ್ಯಾಡ್ (ಎಳೆದು ನಿಲ್ಲುವ ಹಿನ್ನೆಲೆ ಸದ್ದು) ಓಡುತ್ತದೆ. ಪ್ಲೇಟಿಗೆ ಮಾತ್ರ ಅದನ್ನು ಮೊಟಕು ಮಾಡಿ 6 ನಿಮಿಷಕ್ಕೆ ಇಳಿಸಿದರೆ ಎ ಬದಿ 22:00. ಸ್ಟ್ರೀಮಿಂಗ್‌ನಲ್ಲಿ ಉದ್ದದ್ದು ಇದ್ದೇ ಇರುತ್ತದೆ. ಕ್ರಮ ನಿಮ್ಮ ಆಲ್ಬಂನ ಕಥೆಗೆ ಹೊಂದದಿದ್ದರೆ ಬೇರೆ ಜೋಡಣೆ ಹುಡುಕಿ. ಆದರೆ ಎಂಟನೆಯದು ಒಳಗೆ ಮಾತ್ರ ಬೇಡ.

ಇನ್ನು ಡೊಳ್ಳು.

ಮೂರನೆಯ ಹಾಡನ್ನು ಹೆಡ್‌ಫೋನ್‌ನಲ್ಲಿ ಕೇಳಿದಾಗ ಡೊಳ್ಳು ಎರಡೂ ಕಿವಿಯ ಆಚೆ ನಿಂತು ಬಾರಿಸಿದ ಹಾಗಿತ್ತು. ಚೆಂದವೇ. ಸುಮ್ನೆ ಮೋನೋ ಗುಂಡಿ ಒತ್ತಿದೆ. ಡೊಳ್ಳಿನ ಹೊಟ್ಟೆ ಮಾಯ! ಕೋಲಿನ ಟಕ್ ಟಕ್ ಮಾತ್ರ ಉಳಿಯಿತು. ಏನಾಗಿದೆ ಅಂತ ಆಗಲೇ ಗೊತ್ತಾಯಿತು. ಡೊಳ್ಳಿನ ಎರಡು ಮುಖಕ್ಕೂ ಒಂದೊಂದು ಮೈಕ್ ಇಟ್ಟು, ಒಂದನ್ನು ಪೂರ್ತಿ ಎಡಕ್ಕೆ, ಇನ್ನೊಂದನ್ನು ಪೂರ್ತಿ ಬಲಕ್ಕೆ ಹಾಕಿದ್ದೀರಿ. ಕೋಲು ಬಿದ್ದಾಗ ಆ ಮುಖದ ಚರ್ಮ ತನ್ನ ಮೈಕಿನಿಂದ ದೂರ ಒಳಕ್ಕೆ ಹೋಗುತ್ತದೆ. ಒಳಗಿನ ಗಾಳಿ ತಳ್ಳಿದ್ದಕ್ಕೆ ಆಚೆಯ ಚರ್ಮ ತನ್ನ ಮೈಕಿನ ಕಡೆಗೆ ಉಬ್ಬುತ್ತದೆ. ಒಂದು ಮೈಕ್ ‘ಹೋಯಿತು’ ಅನ್ನುತ್ತದೆ, ಇನ್ನೊಂದು ‘ಬಂತು’ ಅನ್ನುತ್ತದೆ. ದಪ್ಪ ಸದ್ದು ಎಡ ಬಲದಲ್ಲಿ ಒಂದಕ್ಕೊಂದು ಉಲ್ಟಾ ಆಗಿ ಕೂರುತ್ತದೆ. ಮೃದಂಗಕ್ಕೆ ಎರಡು ಮೈಕ್ ಇಟ್ಟಾಗಲೂ ಇದನ್ನು ನೋಡಿಕೊಳ್ಳಬೇಕು.

ಸ್ಪೀಕರಿನಲ್ಲಿ ಇದು ನಡೆದುಬಿಡುತ್ತದೆ. ಪ್ಲೇಟಿನಲ್ಲಿ ನಡೆಯುವುದಿಲ್ಲ. ಗ್ರೂವ್‌ನ ಎರಡು ಗೋಡೆಗಳು 45 ಡಿಗ್ರಿ ವಾಲಿಕೊಂಡಿರುತ್ತವೆ, ಒಂದು ಗೋಡೆ ಎಡ, ಒಂದು ಬಲ. ಇಎಂಐ ರೆಕಾರ್ಡ್ ಕಂಪನಿಯಲ್ಲಿದ್ದ ಅಲನ್ ಬ್ಲಮ್‌ಲೈನ್ 1931ರಲ್ಲೇ ಈ ಉಪಾಯಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದರು. ಸ್ಟೀರಿಯೋ ಪ್ಲೇಟುಗಳು ಅಂಗಡಿಗೆ ಬಂದದ್ದು 1958ರ ಹೊತ್ತಿಗೆ. ಎಡ ಬಲ ಎರಡೂ ಒಂದೇ ಥರ ಇದ್ದರೆ ಕೊರೆಯುವ ಮುಳ್ಳು ಅಕ್ಕಪಕ್ಕ ಅಲ್ಲಾಡುತ್ತದೆ. ಅದು ಪ್ಲೇಟಿಗೆ ಇಷ್ಟ. ಎರಡೂ ಉಲ್ಟಾ ಇದ್ದರೆ ಮೇಲೆ ಕೆಳಗೆ ಏಳುತ್ತಾ ಬೀಳುತ್ತದೆ. ಮೇಲೆ ಎದ್ದಾಗ ಸಾಲು ತೆಳ್ಳಗಾಗಿ ಕೆಲವೊಮ್ಮೆ ಕಾಣೆಯೇ ಆಗುತ್ತದೆ, ಕೇಳುವವರ ಮನೆಯಲ್ಲಿ ಮುಳ್ಳು ಅಲ್ಲಿಂದ ಎಗರಿ ಪಕ್ಕದ ಸಾಲಿಗೆ ಹೋಗುತ್ತದೆ. ಕೆಳಗೆ ಇಳಿದಾಗ ಲ್ಯಾಕರ್‌ನ ಪದರ ದಾಟಿ ಕೆಳಗಿನ ಅಲ್ಯೂಮಿನಿಯಂಗೆ ತಾಗುವ ಭಯ. ತಾಗಿದರೆ ದುಬಾರಿ ಮುಳ್ಳು ಹಾಳು.

ನೀವು ಹಾಗೇ ಕಳಿಸಿದ್ದರೆ ಕಟ್ ಮಾಡುವವರು ಏನು ಮಾಡುತ್ತಿದ್ದರು? ಅವರ ಹತ್ತಿರ ಎಲಿಪ್ಟಿಕಲ್ ಈಕ್ಯೂ ಅಂತ ಒಂದು ಸಾಧನ ಇರುತ್ತದೆ. ಇಂತಿಷ್ಟು ಹರ್ಟ್ಸ್‌ಗಿಂತ ಕೆಳಗಿನದ್ದನ್ನೆಲ್ಲ ನಡುವಿಗೆ ಎಳೆಯುತ್ತದೆ, ಅಂದರೆ ಮೋನೋ ಮಾಡುತ್ತದೆ. ಸಾಮಾನ್ಯವಾಗಿ 100ರಿಂದ 150 ಹರ್ಟ್ಸ್ ಆಸುಪಾಸು, ಮಿಕ್ಸ್ ತೀರಾ ಹಟ ಮಾಡಿದರೆ ಇನ್ನೂ ಮೇಲೆ. ಮುಳ್ಳು ಎಗರುವುದು ನಿಲ್ಲುತ್ತದೆ. ಆದರೆ ನಿಮ್ಮ ಡೊಳ್ಳು ನಾನು ಮೋನೋದಲ್ಲಿ ಕೇಳಿದ ಹಾಗೆ, ಹೊಟ್ಟೆ ಇಲ್ಲದೆ ಬರುತ್ತದೆ. ‘ಬೇಸ್ ಮೋನೋ ಮಾಡಿಬಿಡಿ’ ಅಂದವರ ಮಾತು ಅರ್ಧ ಸರಿ ಅಂದದ್ದು ಇದಕ್ಕೇ. ಅವರು ಹೇಳಿದ್ದನ್ನು ಮಾಸ್ಟರ್ ಮೇಲೆ ಮಾಡಿದ್ದರೂ ಇದೇ ಗತಿ.

ಮಿಕ್ಸ್‌ನಲ್ಲಿ ಇದು ಎರಡು ನಿಮಿಷದ ಕೆಲಸ. ಒಂದು ಮೈಕಿನ ಟ್ರ್ಯಾಕ್‌ನಲ್ಲಿ ಪೋಲಾರಿಟಿ ತಿರುಗಿಸುವ, ಅಂದರೆ ಅಲೆಯನ್ನು ಉಲ್ಟಾ ಮಾಡುವ ಗುಂಡಿ ಒತ್ತಿ. ಮೋನೋದಲ್ಲಿ ಕೇಳಿ. ಹೊಟ್ಟೆ ವಾಪಸ್ ಬಂತಾ? ಬಂದ ಮೇಲೆ ಎರಡೂ ಮೈಕನ್ನು ಪೂರ್ತಿ ಅಂಚಿನಿಂದ ಸ್ವಲ್ಪ ಒಳಗೆ ತನ್ನಿ. ಅಗಲ ಬೇಕಿದ್ದರೆ ಕೋಲಿನ ಸದ್ದು, ಕೋಣೆಯ ಸದ್ದು ಅಗಲವಾಗಿರಲಿ. ದಪ್ಪ ಸದ್ದು ನಡುವಿನಲ್ಲಿರಲಿ. ಇಷ್ಟಾದ ಮೇಲೆ ಕಟ್ ಮಾಡುವವರು ಎಲಿಪ್ಟಿಕಲ್ ಹಾಕಿದರೂ ನಿಮಗೆ ಗೊತ್ತೇ ಆಗುವುದಿಲ್ಲ. ತೆಗೆಯುವಂಥದ್ದು ಏನೂ ಉಳಿದಿರುವುದಿಲ್ಲ.

ಕೀಬೋರ್ಡ್ ಪ್ಯಾಡ್‌ಗೆ ಹಾಕಿರುವ ಅಗಲ ಮಾಡುವ ಪ್ಲಗಿನ್ ಕೂಡ ಇದೇ ಕಾಯಿಲೆಯ ಇನ್ನೊಂದು ಮುಖ. ಅದು ಎಡ ಬಲವನ್ನು ಬೇಕಂತಲೇ ಒಂದಕ್ಕೊಂದು ತಪ್ಪಿಸುತ್ತದೆ. ಪೂರ್ತಿ ತೆಗೆಯುವುದು ಬೇಡ. ಪ್ಯಾಡ್‌ನ 150 ಹರ್ಟ್ಸ್‌ಗಿಂತ ಕೆಳಗಿನದ್ದನ್ನು ಕತ್ತರಿಸಿ, ಅಲ್ಲಿ ಹೇಗಿದ್ದರೂ ಬೇಸ್ ಗಿಟಾರ್ ಇದೆ. ಬೇಸ್ ಗಿಟಾರ್‌ಗೆ ಸದ್ದನ್ನು ಅಗಲ ಮಾಡುವ ಕೋರಸ್ ಎಫೆಕ್ಟ್ ಹಾಕಿದ್ದರೆ ಅದನ್ನೂ ನೋಡಿ. 30 ಹರ್ಟ್ಸ್‌ಗಿಂತ ಕೆಳಗೆ ಯಾವ ಟ್ರ್ಯಾಕ್‌ನಲ್ಲೂ ಏನೂ ಬೇಡ. ಅದು ಕಿವಿಗೆ ಬೀಳುವುದೇ ಕಮ್ಮಿ, ಜಾಗ ಮಾತ್ರ ತಿನ್ನುತ್ತದೆ.

ಈಗ ಹಾಡುಗಾರಿಕೆ. ಕನ್ನಡಕ್ಕೆ ಶ, ಷ, ಸ ಅಂತ ಮೂರು ಮಕ್ಕಳು. ಮೂವರೂ ಪ್ಲೇಟಿನ ಶತ್ರುಗಳೇ. ಜೊತೆಗೆ ಚ, ಛ ಅನ್ನುವ ದೊಡ್ಡಪ್ಪನ ಮಕ್ಕಳು. ‘ಹೊಸ’, ‘ಆಸೆ’, ‘ಸಂಜೆ’ ಅಂತ ನಿಮ್ಮ ಗಾಯಕಿ ಮೈಕಿಗೆ ತೀರಾ ಹತ್ತಿರ ನಿಂತು ಹಾಡಿದ್ದಾರೆ. ಒಂದೊಂದು ‘ಸ’ವೂ ಸ್ಟ್ರೀಮಿಂಗ್‌ನಲ್ಲೇ ಚುಚ್ಚುತ್ತದೆ.

ಪ್ಲೇಟಿನಲ್ಲಿ ಇನ್ನೂ ಜಾಸ್ತಿ ಆಗಲು ಕಾರಣ ಇದೆ. ಕೊರೆಯುವಾಗ ಬೇಸ್ ಕಮ್ಮಿ ಮಾಡಿ, ಮೇಲಿನ ಸದ್ದನ್ನು ಏರಿಸಿ ಕೊರೆಯುತ್ತಾರೆ. ಕೇಳುವಾಗ ಫೋನೋ ಪ್ರೀಆಂಪ್ ಅದನ್ನು ಉಲ್ಟಾ ಮಾಡಿ ಸರಿ ಮಾಡುತ್ತದೆ. ಬೇಸ್ ಕಮ್ಮಿ ಇದ್ದರೆ ಸಾಲು ಕಮ್ಮಿ ತೂಗಾಡುತ್ತದೆ. ಮೇಲಿನದನ್ನು ಕೊನೆಗೆ ಇಳಿಸುವಾಗ ಪ್ಲೇಟಿನ ಸರಸರವೂ ಜೊತೆಗೇ ಇಳಿಯುತ್ತದೆ. 1954ರಲ್ಲಿ ಅಮೆರಿಕದ ಆರ್‌ಐಎಎ ಸಂಸ್ಥೆ ಇದಕ್ಕೊಂದು ಅಳತೆ ಗೊತ್ತು ಮಾಡಿತು, ಆಮೇಲೆ ಎಲ್ಲರೂ ಅದನ್ನೇ ಹಿಡಿದರು. ಇದು ಲೇತ್‌ನ ಕಡೆಯೇ ಆಗುವ ಕೆಲಸ. ನೀವು ದಯವಿಟ್ಟು ಆರ್‌ಐಎಎ ಪ್ಲಗಿನ್ ಹಾಕಿ ಕಳಿಸಬೇಡಿ. ನಗಬೇಡಿ, ಕಳಿಸಿದವರಿದ್ದಾರೆ.

ಈ ಅಳತೆಯಲ್ಲಿ 50 ಹರ್ಟ್ಸ್ ಸುಮಾರು 17 ಡೆಸಿಬಲ್ ಇಳಿಯುತ್ತದೆ. ‘ಸ’ ಇರುವ 7 ಕಿಲೋಹರ್ಟ್ಸ್ ಹತ್ತಿರ ಸುಮಾರು 11 ಡೆಸಿಬಲ್ ಏರುತ್ತದೆ. ಅಂದರೆ ನಿಮ್ಮ ಗಾಯಕಿಯ ‘ಸ’ ಕಟ್ಟರ್ ಹೆಡ್‌ಗೆ (ಕೊರೆಯುವ ಮುಳ್ಳನ್ನು ಅಲ್ಲಾಡಿಸುವ ಭಾಗ) ಮುಟ್ಟುವಾಗ ಮೂರೂವರೆ ಪಟ್ಟು ದೊಡ್ಡದಾಗಿರುತ್ತದೆ. ಹೆಡ್‌ನ ಒಳಗಿನ ಸಣ್ಣ ಕಾಯಿಲ್‌ಗಳು ಬಿಸಿಯಾಗುತ್ತವೆ. ಕೆಲವು ಹೆಡ್‌ಗಳನ್ನು ತಣ್ಣಗಿಡಲು ಹೀಲಿಯಂ ಗ್ಯಾಸ್ ಬಿಡುತ್ತಾರೆ ಅಂದರೆ ಲೆಕ್ಕ ಹಾಕಿ. ಕೊರೆದದ್ದು ಸರಿಯಾಗಿಯೇ ಬಂದರೂ, ಅಷ್ಟು ಚೂಪು ತಿರುವನ್ನು ಮನೆಯ ಮುಳ್ಳು ಹಿಂಬಾಲಿಸಲಾರದೆ ‘ಸ’ ಹೋಗಿ ‘ಛ್ರ್’ ಆಗುತ್ತದೆ.

ಕಟ್ ಮಾಡುವವರ ಬಳಿ ‘ಸ’ ತಗ್ಗಿಸುವ ಡಿ-ಎಸ್ಸರ್ ಅನ್ನುವ ಸಾಧನ ಇರುತ್ತದೆ. ಆದರೆ ಮತ್ತೆ ಅದೇ ಕಥೆ, ಅವರದ್ದು ಕಲಸಿದ ಹಿಟ್ಟು. ‘ಸ’ ಬಂದಾಗಲೆಲ್ಲ ವೀಣೆಯ ಮೀಟು, ತಾಳದ ಕಿಣಿ ಎಲ್ಲವೂ ಜೊತೆಗೇ ಕುಗ್ಗುತ್ತವೆ. ನೀವಾದರೆ ದನಿಯ ಟ್ರ್ಯಾಕ್ ಒಂದನ್ನೇ ಮುಟ್ಟಬಹುದು. ನನ್ನ ಅಭ್ಯಾಸ ಹೇಳುತ್ತೇನೆ. ಮೊದಲು ಡಿ-ಎಸ್ಸರ್ ಮುಚ್ಚಿಡುತ್ತೇನೆ. ದನಿಯ ಟ್ರ್ಯಾಕ್ ದೊಡ್ಡದು ಮಾಡಿ ನೋಡಿದರೆ ‘ಸ’ಗಳು ದಟ್ಟವಾದ ಕಂಬಳಿಹುಳುವಿನ ಹಾಗೆ ಕಾಣುತ್ತವೆ. ಒಂದೊಂದನ್ನೇ ಕತ್ತರಿಸಿ 4ರಿಂದ 6 ಡೆಸಿಬಲ್ ಇಳಿಸುತ್ತೇನೆ. ಎಂಟು ಹಾಡಿಗೆ ಒಂದು ಇಡೀ ದಿನ ಹಿಡಿಯುತ್ತದೆ, ಬೇಜಾರಿನ ಕೆಲಸ. ಆಮೇಲೆ ಡಿ-ಎಸ್ಸರ್ ಹಗುರವಾಗಿ ಹಾಕಿದರೆ ಸಾಕು. ಕೈಯಲ್ಲಿ ಇಳಿಸಿದ ‘ಸ’ ತೊದಲಿದ ಹಾಗೆ ಕೇಳಿಸುವುದಿಲ್ಲ. ಡಿ-ಎಸ್ಸರ್ ಒಂದಕ್ಕೇ ಎಲ್ಲ ಬಿಟ್ಟರೆ ‘ಸಂಜೆ’ ಹೋಗಿ ‘ಥಂಜೆ’ ಆಗುವ ಅಪಾಯ ಉಂಟು.

ಕೋರಸ್‌ನಲ್ಲಿ ನಾಲ್ಕು ದನಿ ಇವೆ, ನಾಲ್ವರ ‘ಸ’ವೂ ಒಂದೇ ಕ್ಷಣಕ್ಕೆ ಬೀಳುವುದಿಲ್ಲ. ಸ್-ಸ್-ಸ್ ಅಂತ ಸಾಲಾಗಿ ಬರುತ್ತದೆ. ಮುಖ್ಯ ದನಿಯ ‘ಸ’ ಒಂದನ್ನು ಉಳಿಸಿ, ಉಳಿದ ಮೂವರದ್ದನ್ನು ಸುಮ್ನೆ ತೆಗೆದುಬಿಡಿ. ಯಾರಿಗೂ ಗೊತ್ತಾಗುವುದಿಲ್ಲ, ಕಿವಿಯೇ ತುಂಬಿಕೊಳ್ಳುತ್ತದೆ. ಎಂಟನೆಯ ಹಾಡಿನ ಗೆಜ್ಜೆ ಮತ್ತು ತಾಳವನ್ನೂ ಒಂದೆರಡು ಡೆಸಿಬಲ್ ಇಳಿಸಿ. ಪೂರ್ತಿ ಬಲಕ್ಕೆ ತಳ್ಳಿರುವ ಗೆಜ್ಜೆಯನ್ನು ಅರ್ಧ ಒಳಗೆ ತನ್ನಿ.

ಜೋರಿನ ಬಗ್ಗೆ. ನಿಮ್ಮ ಮಾಸ್ಟರ್ −8 ಎಲ್‌ಯುಎಫ್‌ಎಸ್ (ಸದ್ದು ಒಟ್ಟಾರೆ ಎಷ್ಟು ಜೋರು ಅನ್ನುವ ಅಳತೆ) ಇದೆ, ಅಂದರೆ ತುಂಬಾ ಜೋರು. ಪ್ಲೇಟಿಗೆ ಅದರಿಂದ ಒಂದು ಪೈಸೆಯ ಲಾಭವೂ ಇಲ್ಲ. ಪ್ಲೇಟು ಎಷ್ಟು ಜೋರಾಗಿರಬೇಕು ಅನ್ನುವುದು ಲೇತ್‌ನ ವಾಲ್ಯೂಮ್ ಗುಂಡಿಯಲ್ಲಿ ತೀರ್ಮಾನವಾಗುತ್ತದೆ, ಪೀಕ್ ಒತ್ತಿ ಸದ್ದು ಜೋರು ಮಾಡುವ ನಿಮ್ಮ ಲಿಮಿಟರ್‌ನಲ್ಲಿ ಅಲ್ಲ. ಜೋರಾಗಿ ಒತ್ತಿದ ಫೈಲ್ ಬಂದರೆ ಅವರು ಇಳಿಸಿ ಕೊರೆಯುತ್ತಾರೆ. ಕೊನೆಗೆ ಉಳಿಯುವುದು ತಲೆ ಕತ್ತರಿಸಿಕೊಂಡ ಡೊಳ್ಳಿನ ಪೆಟ್ಟು, ಅದೂ ಮೆಲ್ಲಗೆ. ಕ್ಲಿಪ್ ಆದ ಅಲೆಯ ಚೌಕ ಮೂಲೆಗಳನ್ನು ಹೆಡ್ಡಿಗೂ ಕೊರೆಯಲು ಕಷ್ಟ, ಮುಳ್ಳಿಗೂ ಓದಲು ಕಷ್ಟ. ನಿಮ್ಮ ಮಾಸ್ಟರಿಂಗ್ ಮಾಡಿದವರಿಗೆ ಫೋನ್ ಮಾಡಿ, ಕೊನೆಯ ಲಿಮಿಟರ್ ತೆಗೆದ ಇನ್ನೊಂದು ಪ್ರತಿ ಬೇಕು ಅನ್ನಿ. ಈಕ್ಯೂ, ಹಗುರ ಕಂಪ್ರೆಷನ್ ಇರಲಿ. ಪೀಕ್ −3 ಡೆಸಿಬಲ್ ಆಸುಪಾಸು ಇರಲಿ. ಎಲ್‌ಯುಎಫ್‌ಎಸ್ ಅಂಕಿ ಎಷ್ಟು ಬಂದರೂ ತಲೆ ಕೆಡಿಸಿಕೊಳ್ಳಬೇಡಿ. ಮಿಕ್ಸ್ ಬದಲಿಸಿದ್ದೀರಲ್ಲ, ಹಾಗಾಗಿ ಅವರು ಹೊಸ ಮಿಕ್ಸ್ ಮೇಲೆ ಮತ್ತೆ ಕೂರಬೇಕಾಗುತ್ತದೆ. ಅದಕ್ಕೆ ಒಂದಿಷ್ಟು ದುಡ್ಡು ಎತ್ತಿಡಿ.

‘ವಿನೈಲ್ ಫೀಲ್’ ಕೊಡುವ ಪ್ಲಗಿನ್ ಹಾಕಬೇಕಾ ಅಂತ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಬೇಡ. ಸರಸರ ಪಟಪಟ ಎಲ್ಲ ಪ್ಲೇಟಿನ ಜೊತೆ ಪುಕ್ಕಟೆ ಬರುತ್ತದೆ.

ಫೈಲ್ ಕಳಿಸುವ ವಿಷಯ ಸುಲಭ. 24 ಬಿಟ್ ವೇವ್, ನೀವು ರೆಕಾರ್ಡ್ ಮಾಡಿದ ಸ್ಯಾಂಪಲ್ ರೇಟ್‌ನಲ್ಲೇ. ಎಂಪಿ3 ಬೇಡವೇ ಬೇಡ. ಬದಿಗೆ ಒಂದೇ ಉದ್ದ ಫೈಲ್ ಮಾಡಿ, ಹಾಡುಗಳ ನಡುವಿನ ಮೌನವನ್ನೂ ಅದರಲ್ಲೇ ಇಟ್ಟು ಕಳಿಸುವುದು ನನಗೆ ಇಷ್ಟ, ಆಗ ಗೊಂದಲ ಇರುವುದಿಲ್ಲ. ಜೊತೆಗೆ ಒಂದು ಪುಟದ ಚೀಟಿ ಇರಲಿ. ಯಾವ ಹಾಡು ಯಾವ ನಿಮಿಷ ಯಾವ ಸೆಕೆಂಡಿಗೆ ಶುರು, ಬದಿಯ ಒಟ್ಟು ಎಷ್ಟು, 33⅓ ಅಂತ ವೇಗ, ಎಲ್ಲ ಬರೆಯಿರಿ. ‘ಮೂರನೆಯ ಹಾಡಿನ 2:10ರಲ್ಲಿ ಬರುವ ಕರಕರ ಬೇಕಂತಲೇ ಇಟ್ಟದ್ದು’ ಅನ್ನುವಂಥ ಮಾತಿದ್ದರೆ ಅದೂ ಇರಲಿ. ಇಲ್ಲದಿದ್ದರೆ ಪಾಪ ಅವರು ಲೇತ್ ನಿಲ್ಲಿಸಿ ನಿಮಗೆ ಇಮೇಲ್ ಬರೆಯುತ್ತಾರೆ. ಕಳಿಸುವ ಮುಂಚೆ ಅದೇ ಫೈಲನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ಕೇಳಿ. ಓಡಿಸಿ ನೋಡುವುದಲ್ಲ, ಕೂತು ಕೇಳುವುದು.

ಲ್ಯಾಕರ್‌ಗಾ, ತಾಮ್ರದ ಮೇಲೆ ನೇರ ಕೊರೆಯುವ ಡಿಎಂಎಂಗಾ ಅಂತ ಒತ್ತುವವರು ಕೇಳಬಹುದು. ಲ್ಯಾಕರ್ ಮೆತ್ತಗಿನ ವಸ್ತು. ಕೊರೆದ ಗೋಡೆ ಚೂರು ವಾಪಸ್ ಉಬ್ಬುತ್ತದೆ. ಪಕ್ಕದ ಸಾಲಿನ ಜೋರು ಸದ್ದು ಈ ಸಾಲಿಗೆ ಒತ್ತಿ, ಹಾಡು ಶುರುವಾಗುವ 1.8 ಸೆಕೆಂಡ್ ಮುಂಚೆಯೇ ಅದರ ದೆವ್ವ ಮೆಲ್ಲಗೆ ಕೇಳಿಸುವುದುಂಟು. ಡಿಎಂಎಂನಲ್ಲಿ ಅದು ಕಮ್ಮಿ, ಆದರೆ ಮೇಲಿನ ಸದ್ದು ಕೆಲವರಿಗೆ ಚೂಪು ಅನ್ನಿಸುತ್ತದೆ. ಗೆಜ್ಜೆ, ತಾಳ ಇಷ್ಟೊಂದು ಇರುವ ನಿಮ್ಮ ಆಲ್ಬಂಗೆ ನಾನು ಲ್ಯಾಕರ್ ಅನ್ನುತ್ತೇನೆ. ಸ್ವಲ್ಪ ಕಾಯಬೇಕಾಗಬಹುದು. 2020ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಬ್ಯಾನಿಂಗ್‌ನಲ್ಲಿದ್ದ ಅಪೋಲೋ ಮಾಸ್ಟರ್ಸ್ ಕಾರ್ಖಾನೆ ಸುಟ್ಟುಹೋಯಿತು. ಆಗ ಪ್ರಪಂಚಕ್ಕೆಲ್ಲ ಲ್ಯಾಕರ್ ಕೊಡುತ್ತಿದ್ದ ದೊಡ್ಡ ಕಾರ್ಖಾನೆಗಳು ಎರಡೇ, ಉಳಿದದ್ದು ಜಪಾನಿನ ಎಂಡಿಸಿ. 180 ಗ್ರಾಂ ಪ್ಲೇಟಿಗೆ ಜಾಸ್ತಿ ದುಡ್ಡು ಕೊಡಬೇಕಾ ಅಂದರೆ, ಕೈಗೆ ಭಾರ ಚೆನ್ನಾಗಿರುತ್ತದೆ, ಗ್ರೂವ್ ಅಷ್ಟೇ. ಆ ದುಡ್ಡನ್ನು ಟೆಸ್ಟ್ ಪ್ರೆಸ್ಸಿಂಗ್‌ಗೆ ಹಾಕಿ.

ಟೆಸ್ಟ್ ಪ್ರೆಸ್ಸಿಂಗ್ ಬಂದಾಗ ಬ್ಯಾಂಡಿನವರೆಲ್ಲ ಸೇರಿ ಪಾರ್ಟಿ ಮಾಡುತ್ತಾ ಕೇಳಬೇಡಿ. ಐದು ಪ್ರತಿ ಬಂದರೆ ಐವರೂ ಒಂದೊಂದು ಮನೆಗೆ ಒಯ್ಯಿರಿ. ಒಬ್ಬರ ಪ್ಲೇಯರ್ ಒಳ್ಳೆಯದಿರಲಿ, ಒಬ್ಬರದ್ದು ಸೂಟ್‌ಕೇಸ್ ಥರದ ಅಗ್ಗದ್ದಿರಲಿ. ಕೊಳ್ಳುವವರಲ್ಲಿ ಎಷ್ಟೋ ಜನ ಅದರಲ್ಲೇ ಕೇಳುವುದು. ಪ್ರತಿಯೊಬ್ಬರೂ ಎಲ್ಲಿ ಏನು ಕೇಳಿಸಿತು ಅಂತ ನಿಮಿಷ ಹಾಕಿ ಬರೆದುಕೊಳ್ಳಿ, ಆಮೇಲೆ ಚೀಟಿಗಳನ್ನು ಹೋಲಿಸಿ. ಒಬ್ಬರ ಪ್ರತಿಯಲ್ಲಿ ಮಾತ್ರ ಟಿಕ್ ಇದ್ದರೆ ಅದು ಆ ಪ್ರತಿಯ ಕೊಳೆ ಅಥವಾ ಗಾಯ, ಬಿಟ್ಟುಬಿಡಿ. ಐವರ ಚೀಟಿಯಲ್ಲೂ ಅದೇ ಜಾಗದಲ್ಲಿ ಟಿಕ್ ಇದ್ದರೆ ವಾಚು ಹಿಡಿದು ಕೂತುಕೊಳ್ಳಿ. ಟಿಕ್, 1.8 ಸೆಕೆಂಡ್, ಟಿಕ್, 1.8 ಸೆಕೆಂಡ್, ಟಿಕ್ ಅಂತ ಸರಿಯಾಗಿ ಸುತ್ತಿಗೊಂದರಂತೆ ಬಂದರೆ ಅದು ಅಚ್ಚಿನಲ್ಲೇ ಬಿದ್ದ ಗೀರು. ಹಾಗೇ ಒಪ್ಪಿಕೊಂಡರೆ 300 ಪ್ರತಿಯಲ್ಲೂ ಬರುತ್ತದೆ. ಅದನ್ನು ಒತ್ತುವವರು ತಮ್ಮ ಖರ್ಚಿನಲ್ಲೇ ಸರಿ ಮಾಡಿಕೊಡಬೇಕು, ಸಂಕೋಚ ಬೇಡ. ಆದರೆ ‘ಸ’ ಚುಚ್ಚುತ್ತಿದೆ, ಡೊಳ್ಳು ತೆಳ್ಳಗಿದೆ ಅಂತ ಐವರೂ ಬರೆದಿದ್ದರೆ ಅದು ಅವರ ತಪ್ಪಲ್ಲ, ನಮ್ಮದು.

ಅದಕ್ಕೇ ಈಗಲೇ ಡೊಳ್ಳಿನ ಎರಡು ಟ್ರ್ಯಾಕ್ ತೆಗೆದು, ಒಂದರ ಪೋಲಾರಿಟಿ ತಿರುಗಿಸಿ, ಮೂರನೆಯ ಹಾಡಿನ ಹೊಸ ಮಿಕ್ಸ್ ಕಳಿಸಿ. ಎಂಟನೆಯ ಹಾಡಿನ ಗೆಜ್ಜೆ ಟ್ರ್ಯಾಕ್ ಬೇರೆಯಾಗಿ ಇದ್ದರೆ ಅದನ್ನೂ ಕಳಿಸಿ. ಅದರಲ್ಲಿ ಇನ್ನೊಂದು ಏನೋ ಸದ್ದು ಕೇಳಿಸಿತು, ಯಾರದ್ದೋ ಬಳೆ ಇರಬೇಕು.